ಸೀರೆ ಮುಟ್ಟಿತು, ರೊಕ್ಕ ಮುಟ್ಟಲಿಲ್ಲ

ಬಾಗಲಕೋಟೆಯ ನವನಗರದಲ್ಲಿ ಸಣ್ಣ ವ್ಯಾಪಾರಿಗಳ ಮುಂದೆ ಆಡಿದ ಮಾತು ಇದು. ಬರಹದಲ್ಲಿ ಕೊಡಿ ಅಂತ ಬಹಳ ಜನ ಕೇಳಿದರು. ಹಿಂದೆ ಮುಂದೆ ಆದದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಉಳಿದದ್ದು ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ಒಂದು ಫೋನಿನ ಮಾತಿನಿಂದ ಶುರು ಮಾಡುತ್ತೇನೆ. ದೀಪಾವಳಿಗೆ ನಾಲ್ಕು ದಿನ ಇತ್ತು. ಇಳಕಲ್ಲಿನಿಂದ ನಮ್ಮ ನೇಕಾರ ಕಾಕಾ ಫೋನ್ ಮಾಡಿದರು.

"ರೊಕ್ಕ ಬಂದಾವೇನವಾ?"

"ಇನ್ನೂ ಬಂದಿಲ್ರಿ ಕಾಕಾ."

"ಸೀರಿ ಮುಟ್ಟ್ಯಾವಿಲ್ಲೋ?"

"ಮುಟ್ಟ್ಯಾವ್ರಿ."

"ಸೀರಿ ಮುಟ್ಟ್ಯಾವ, ಅವರು ರೊಕ್ಕಾನೂ ಕೊಟ್ಟಾರ. ಮತ್ತ ನಡುವ ಎಲ್ಲಿ ನಿಂತಾವ?"

ಈ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ನಾನು ಮಾತಾಡಬೇಕಿರುವುದು ಆ "ನಡುವ" ಅನ್ನುವ ಜಾಗದ ಬಗ್ಗೆಯೇ.

ನನ್ನ ವ್ಯಾಪಾರ ಗೊತ್ತಿಲ್ಲದವರಿಗೆ ಎರಡು ಮಾತು. ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಮಾರುತ್ತೇನೆ. ಬೀದಿಯಲ್ಲಿ ಅಂಗಡಿ ಇಲ್ಲ. ಮನೆಯ ಮುಂದಿನ ಕೋಣೆಯೇ ಗೋದಾಮು, ವೆಬ್‌ಸೈಟೇ ಅಂಗಡಿ. ಪುಣೆ, ಬೆಂಗಳೂರು, ಹೈದರಾಬಾದ್‌ನಿಂದ ಆರ್ಡರ್ ಬರುತ್ತವೆ. ಊರು ಬಿಟ್ಟು ಹೋದ ನಮ್ಮ ಕಡೆಯವರೇ ಜಾಸ್ತಿ. ಅವ್ವನಿಗೆ ಒಂದು, ಅತ್ತೆಗೆ ಒಂದು ಅಂತ ತರಿಸಿಕೊಳ್ಳುತ್ತಾರೆ.

ಆ ದೀಪಾವಳಿಗೆ 23 ಆರ್ಡರ್ ಬಂದಿದ್ದವು. ಎಲ್ಲ ಸೇರಿ 58,400 ರೂಪಾಯಿ. ಗಿರಾಕಿಗಳು ಎಲ್ಲರೂ ಮುಂಗಡವಾಗಿಯೇ ಕೊಟ್ಟಿದ್ದರು. ನಾನು ಎಲ್ಲ ಸೀರೆಗಳನ್ನೂ ಕಳಿಸಿ ಆಗಿತ್ತು. ಆಮೇಲೆ ಒಂದು ಬೆಳಿಗ್ಗೆ, ಗಿರಾಕಿಯ ರೊಕ್ಕ ಇಸಿದುಕೊಂಡು ನಮಗೆ ಮುಟ್ಟಿಸುವ ಗೇಟ್‌ವೇ ಕಂಪನಿಯಿಂದ ಒಂದು ಸಾಲಿನ ಇಮೇಲ್ ಬಂತು. ನಿಮ್ಮ ಖಾತೆ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಸೆಟಲ್‌ಮೆಂಟ್, ಅಂದರೆ ನಮ್ಮ ಖಾತೆಗೆ ರೊಕ್ಕ ಹಾಕುವುದು, ನಿಲ್ಲಿಸಲಾಗಿದೆ. ಅಷ್ಟೇ. ಯಾಕೆ ಅಂತ ಇಲ್ಲ. ಎಷ್ಟು ದಿನ ಅಂತ ಇಲ್ಲ. ಉತ್ತರ ಬರೆದರೆ, ನಿಮ್ಮ ದೂರು ದಾಖಲಾಗಿದೆ ಅಂತ ಯಂತ್ರವೇ ಬರೆದು ಕಳಿಸುತ್ತದೆ. ಫೋನ್ ನಂಬರ್ ಇಲ್ಲ. ಚಾಟ್‌ನಲ್ಲಿ ಒಬ್ಬರು ಸಿಕ್ಕರು, ಸಂಬಂಧಪಟ್ಟ ತಂಡಕ್ಕೆ ತಿಳಿಸುತ್ತೇನೆ ಅಂದರು, ಮರುದಿನ ಬೇರೆಯವರು ಸಿಕ್ಕರು, ಅವರಿಗೆ ಮತ್ತೆ ಮೊದಲಿಂದ ಎಲ್ಲ ಹೇಳಬೇಕಾಯಿತು, ಅವರೂ ಅದೇ ತಂಡದ ಮಾತು ಹೇಳಿದರು.

19 ದಿನ ಹೀಗೇ ಹೋಯಿತು.

ಇದರಲ್ಲಿ ಸಿಕ್ಕಿಕೊಂಡಿದ್ದು ನಾನೊಬ್ಬಳೇ ಅಲ್ಲ. ಆ ವಾರ ನಾನು ಇಳಕಲ್ಲಿಗೆ ಹೋಗಿದ್ದೆ. ಇಳಕಲ್ ಸೀರೆ ಹೇಗೆ ಆಗುತ್ತದೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಆದರೂ ಹೇಳುತ್ತೇನೆ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಇದ್ದರೂ ಸೆರಗಿಗೆ ರೇಷ್ಮೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಆಗದೆ ಟೋಪತೆನಿ ಅನ್ನುವ ಇಳಕಲ್ಲಿನ ಸೆರಗು ಇಲ್ಲ. ಅಂದರೆ ಒಡಲು ಮುಗಿಯುತ್ತ ಬಂದ ಹೊತ್ತಿಗೆ ಸೆರಗಿನ ರೇಷ್ಮೆ ಮನೆಗೆ ಬಂದಿರಬೇಕು. ರೇಷ್ಮೆ ಅಂಗಡಿಯವರು ಎಷ್ಟು ಸಲ ಅಂತ ಉದ್ರಿ ಕೊಡುತ್ತಾರೆ? ಅವರದೂ ಹಬ್ಬ. ನಾನು ಹೋದಾಗ ಕಾಕಾ ಮಗ್ಗದ ಮೇಲೆ ಹಳೆಯ ಧೋತರ ಹೊದಿಸಿಟ್ಟಿದ್ದರು, ಹಾಸಿನ ಮೇಲೆ ಧೂಳು ಕೂಡಬಾರದು ಅಂತ. ಲಾಳಿ ಕಿಟಕಿಯಲ್ಲಿ ಇತ್ತು. ಕಾಕಿ ಚಹಾ ತಂದು ಕೊಟ್ಟರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾರದೋ ಕಂಪ್ಯೂಟರ್‌ನಲ್ಲಿ "ಹೋಲ್ಡ್" ಅಂತ ಒಂದು ಗುಂಡಿ ಒತ್ತಿದರೆ ಇಳಕಲ್ಲಿನಲ್ಲಿ ಒಂದು ಮಗ್ಗ ನಿಲ್ಲುತ್ತದೆ. ಅದನ್ನು ಆ ಗುಂಡಿ ಒತ್ತಿದವರಿಗೆ ತೋರಿಸಬೇಕು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಈಗ ಈ ನಡುವಿನ ಜಾಗ ಹೇಗೆ ಕೆಲಸ ಮಾಡುತ್ತದೆ ನೋಡೋಣ. ವೆಬ್‌ಸೈಟಿನಲ್ಲಿ ಗಿರಾಕಿ ದುಡ್ಡು ಕೊಡಲು ಒತ್ತಿದಾಗ ತೆರೆಯುವ ಪುಟ ನಮ್ಮದಲ್ಲ. ಅದು ಗೇಟ್‌ವೇ ಕಂಪನಿಯದು. ಗಿರಾಕಿಯ ಬ್ಯಾಂಕಿನಿಂದ ರೊಕ್ಕ ಹೊರಟು ಮೊದಲು ಆ ಕಂಪನಿ ಒಂದು ಬ್ಯಾಂಕಿನಲ್ಲಿ ಇಟ್ಟಿರುವ ಎಸ್ಕ್ರೋ ಖಾತೆಗೆ, ಅಂದರೆ ಬೇರೆಯವರ ರೊಕ್ಕ ಕಾದಿಡುವ ಖಾತೆಗೆ ಹೋಗುತ್ತದೆ. ಅಲ್ಲಿಂದ ನಮಗೆ ಬರುತ್ತದೆ. ಇಂಥ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 17ರಂದು ನಿಯಮ ಮಾಡಿತು. ಪೇಮೆಂಟ್ ಅಗ್ರಿಗೇಟರ್ ಅಂತ ಅವಕ್ಕೆ ಹೆಸರು. ಬ್ಯಾಂಕ್ ಅಲ್ಲದ ಕಂಪನಿಯಾದರೆ ಪರವಾನಗಿ ಬೇಕು, ಅರ್ಜಿ ಹಾಕುವಾಗಲೇ ಕನಿಷ್ಠ 15 ಕೋಟಿ ರೂಪಾಯಿ ನಿವ್ವಳ ಬಂಡವಾಳ ಇರಬೇಕು, ವ್ಯಾಪಾರಿಗಳ ರೊಕ್ಕವನ್ನು ತಮ್ಮ ಸ್ವಂತ ರೊಕ್ಕದ ಜೊತೆ ಕಲಸುವಂತಿಲ್ಲ. ಇದು ಒಳ್ಳೆಯ ನಿಯಮ. ಅವರ ಹತ್ತಿರ ಇರುವುದು ಅವರ ರೊಕ್ಕ ಅಲ್ಲ ಅಂತ ಕಾಗದದ ಮೇಲೆ ಬರೆದಿದೆ. ಅದನ್ನು ನಾವು ಮರೆಯಬಾರದು.

ಎಲ್ಲ ಸರಿ ಇದ್ದರೂ ರೊಕ್ಕ ಬರುವುದು ಸಾಮಾನ್ಯವಾಗಿ ಎರಡು ಕೆಲಸದ ದಿನ ಕಳೆದ ಮೇಲೆ. ಟಿ ಪ್ಲಸ್ ಟು ಅಂತಾರೆ. ಗುರುವಾರ ರಾತ್ರಿ ಮಾರಿದ ಸೀರೆಯ ರೊಕ್ಕ, ನಡುವೆ ಎರಡನೇ ಶನಿವಾರ ಬಂದರೆ, ಸೋಮವಾರ. ಸೋಮವಾರ ಹಬ್ಬದ ರಜೆ ಇದ್ದರೆ ಮಂಗಳವಾರ. ಗಿರಾಕಿಯ ಖಾತೆಯಿಂದ ಮಾತ್ರ ಮೂರು ಸೆಕೆಂಡಿನಲ್ಲಿ ಹೋಗಿರುತ್ತದೆ. ಬೇಗ ಬೇಕೇ? ಅದಕ್ಕೆ ಬೇರೆ ಶುಲ್ಕ ಕೊಡಿ ಅಂತಾರೆ. ನಮ್ಮ ರೊಕ್ಕ ನಮಗೆ ಬೇಗ ಬರಲಿಕ್ಕೆ ನಾವೇ ಕೊಡಬೇಕು.

ಶುಲ್ಕದ ಲೆಕ್ಕ ಬೇಗ ಮುಗಿಸುತ್ತೇನೆ. ಮೂರು ಸಾವಿರದ ಒಂದು ಸೀರೆ ಹಿಡಿಯಿರಿ. ನೂರಕ್ಕೆ ಎರಡರ ಲೆಕ್ಕದಲ್ಲಿ 60 ರೂಪಾಯಿ ಶುಲ್ಕ. ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 10 ರೂಪಾಯಿ 80 ಪೈಸೆ. ಒಟ್ಟು 70 ರೂಪಾಯಿ 80 ಪೈಸೆ. ಆ ಸೀರೆಯಲ್ಲಿ ನನಗೆ ಉಳಿಯುವುದು 350. ಅದರಲ್ಲಿ ಐದನೇ ಒಂದು ಪಾಲು ಹೋಯಿತು. ಗಿರಾಕಿ ಬಣ್ಣ ಒಪ್ಪಲಿಲ್ಲ ಅಂತ ವಾಪಸ್ ಕಳಿಸಿದರೆ ಅವರಿಗೆ ನಾನು ಪೂರ್ತಿ ಮೂರು ಸಾವಿರ ಕೊಡುತ್ತೇನೆ, ಆದರೆ ನಾನು ಕಟ್ಟಿದ ಶುಲ್ಕ ನನಗೆ ವಾಪಸ್ ಬರಲಿಲ್ಲ.

ಯುಪಿಐಗೆ ಶುಲ್ಕ ಇಲ್ಲ ಅಲ್ವಾ ಅಂತ ಕೇಳುತ್ತೀರಿ. ಹೌದು, 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿಯಿಂದ ಎಂಡಿಆರ್, ಅಂದರೆ ಪಾವತಿಯ ಮೇಲಿನ ಶುಲ್ಕ, ತೆಗೆದುಕೊಳ್ಳುವಂತಿಲ್ಲ. ಚಹಾದ ಅಂಗಡಿಯ ಗೋಡೆಗೆ ಹಚ್ಚಿದ ಕ್ಯೂಆರ್‌ಗೆ ಅದು ನಿಜ. ಆದರೆ ವೆಬ್‌ಸೈಟಿನಲ್ಲಿ ಅದೇ ಯುಪಿಐ ಗೇಟ್‌ವೇ ಮೂಲಕ ಬಂದರೆ ಕೆಲವು ಕಂಪನಿಗಳು ತಮ್ಮ ಸೇವೆಗೆ ಅಂತ ಶುಲ್ಕ ಹಾಕುತ್ತವೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯುಪಿಐಗೆ ಎಷ್ಟು ಅಂತ ಬೇರೆಯಾಗಿ ಕೇಳಿ. ನಾನು ಎರಡು ವರ್ಷ ಕೇಳಿರಲಿಲ್ಲ.

ಇಷ್ಟೆಲ್ಲ ಹೇಳಿದರೂ ಈ ಸೇವೆ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಅವ್ವನ ಕಾಲದಲ್ಲಿ ದೂರದ ಊರಿಗೆ ಸೀರೆ ಕಳಿಸಬೇಕಾದರೆ ವಿಪಿಪಿ ಮಾಡುತ್ತಿದ್ದರು. ಅಂಚೆಯವನು ಪಾರ್ಸೆಲ್ ಕೊಟ್ಟು ರೊಕ್ಕ ಇಸಿದುಕೊಂಡು ಅದನ್ನು ಮನಿಯಾರ್ಡರ್ ಮಾಡಿ ಕಳಿಸುವುದು. ವಾರಗಟ್ಟಲೆ ಕಾಯಬೇಕಿತ್ತು. 2016ರಲ್ಲಿ ಯುಪಿಐ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಊರಲ್ಲೇ ಕೂತು ಪುಣೆಯ ಗಿರಾಕಿಯಿಂದ ನೇರ ರೊಕ್ಕ ಪಡೆಯುವುದು ನನ್ನಂಥವಳಿಗೆ ಸಾಧ್ಯವಾಯಿತು. ನನ್ನ ಹೆಸರಿನಲ್ಲಿ ಒಂದು ಖಾತೆ, ನನ್ನದೇ ಒಂದು ವ್ಯಾಪಾರ. ಇದು ಸಣ್ಣ ಮಾತಲ್ಲ. ಅದಕ್ಕೇ ಇದು ಕೆಡಬಾರದು ಅಂತ ನನಗೆ ಇಷ್ಟು ಸಂಕಟ.

ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಗೇಟ್‌ವೇ ಗೊಡವೆಯೇ ಇಲ್ಲವಲ್ಲ ಅಂತ ಒಬ್ಬರು ಕೇಳಿದರು. ಇಟ್ಟು ನೋಡಿದೆ. ಗಿರಾಕಿ ಬಾಗಿಲು ತೆಗೆಯಲಿಲ್ಲ ಅಂದರೆ ಪಾರ್ಸೆಲ್ ವಾಪಸ್, ಹೋಗುವ ಖರ್ಚೂ ನನ್ನದು, ಬರುವ ಖರ್ಚೂ ನನ್ನದು. ಕೊರಿಯರ್‌ನವರು ಇಸಿದುಕೊಂಡ ರೊಕ್ಕ ನಮಗೆ ಮುಟ್ಟಿಸುವುದಕ್ಕೂ ದಿನ ಹಿಡಿಯುತ್ತದೆ. ಅಲ್ಲೂ ನಡುವೆ ಒಬ್ಬರು ಇದ್ದಾರೆ.

ಇನ್ನು ಚಾರ್ಜ್‌ಬ್ಯಾಕ್. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವರು ತಮ್ಮ ಬ್ಯಾಂಕಿಗೆ, ಮಾಲು ಬಂದಿಲ್ಲ ಅಂತ ದೂರು ಕೊಟ್ಟರೆ ಆ ರೊಕ್ಕ ನಮ್ಮಿಂದ ಹಿಂದಕ್ಕೆ ಹೋಗುತ್ತದೆ. ಮುಟ್ಟಿಸಿದ್ದೇವೆ ಅಂತ ನಾವು ಸಾಬೀತು ಮಾಡಬೇಕು, ಅದೂ ಅವರು ಕೊಟ್ಟ ದಿನಗಳ ಒಳಗೆ. ನನ್ನ ಒಂದು 4,200 ರೂಪಾಯಿಯ ಸೀರೆ ಹೀಗೆ ಹೋಯಿತು. ಕೊರಿಯರ್ ಚೀಟಿಯಲ್ಲಿ ಇದ್ದ ಸಹಿ "ಸೆಕ್ಯುರಿಟಿ" ಅಂತ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಯಾರೋ ಇಸಿದುಕೊಂಡಿದ್ದರು. ಅದು ಸಾಕಾಗಲಿಲ್ಲ. ಅವತ್ತಿನಿಂದ ಪ್ರತಿ ಸೀರೆಯನ್ನೂ ಮಡಚುವಾಗ, ಡಬ್ಬಿಗೆ ಹಾಕುವಾಗ, ವಿಳಾಸದ ಚೀಟಿ ಹಚ್ಚುವಾಗ ಒಂದೇ ವಿಡಿಯೋ ಮಾಡುತ್ತೇನೆ. ಗಿರಾಕಿಗೆ ಪಾರ್ಸೆಲ್ ಬಂದ ದಿನ, ಸೀರೆ ಹಿಡಿಸಿತೇನ್ರಿ ಅಂತ ವಾಟ್ಸ್ಯಾಪ್ ಮಾಡುತ್ತೇನೆ. ಅವರು ಚೆನ್ನಾಗಿದೆ ಅಂತ ಬರೆದರೆ ಅದೇ ನನ್ನ ಪುರಾವೆ. ವಿಶ್ವಾಸದಿಂದ ಕೇಳುತ್ತಿದ್ದ ಮಾತನ್ನು ಈಗ ಪುರಾವೆಗೆ ಅಂತ ಕೇಳಬೇಕಾಗಿದೆ, ಅದು ನನಗೆ ಇಷ್ಟವಿಲ್ಲ, ಆದರೂ ಕೇಳುತ್ತೇನೆ.

ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಂಕ್ ಖಾತೆಯೇ ಫ್ರೀಜ್ ಆಗುವುದು. ವಿಜಯಪುರದ ಕಡೆಯ ನನ್ನ ಪರಿಚಯದವರೊಬ್ಬರು ಒಣದ್ರಾಕ್ಷಿ ಮಾರುತ್ತಾರೆ, ವೆಬ್‌ಸೈಟ್ ಮೂಲಕವೇ. ಅವರಿಗೆ 1,180 ರೂಪಾಯಿಯ ಒಂದು ಆರ್ಡರ್ ಬಂತು. ಯುಪಿಐನಲ್ಲಿ ರೊಕ್ಕ ಬಂತು. ಇವರು ದ್ರಾಕ್ಷಿ ಕಳಿಸಿದರು. ತಿಂಗಳಾದ ಮೇಲೆ ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಸ್ಕ್ಯಾನ್ ಮಾಡಿದರೆ ಹೋಗಲಿಲ್ಲ. ಬ್ಯಾಂಕಿಗೆ ಹೋದರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಬಂದಿದೆ, ನಿಮ್ಮ ಖಾತೆ ತಡೆಹಿಡಿದಿದ್ದೇವೆ ಅಂದರು. ಆ ಗಿರಾಕಿಯ ಖಾತೆಗೆ ಬಂದಿದ್ದು ಯಾರಿಗೋ ಮೋಸ ಮಾಡಿದ ರೊಕ್ಕವಂತೆ. ಮೋಸ ಹೋದವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದರು. ರೊಕ್ಕ ಎಲ್ಲೆಲ್ಲಿ ಹರಿಯಿತೋ ಆ ದಾರಿಯ ಖಾತೆಗಳಿಗೆಲ್ಲ ತಡೆ ಬಿತ್ತು.

1930 ಇರಬೇಕಾದದ್ದೇ. ಮೋಸ ಹೋದವರು ತಕ್ಷಣ ಫೋನ್ ಮಾಡಿದರೆ ರೊಕ್ಕ ಉಳಿಯುತ್ತದೆ. ಆದರೆ 1,180 ರೂಪಾಯಿಗೆ ಅನುಮಾನ ಇದ್ದರೆ 1,180 ಹಿಡಿಯಲಿ. ಕೂಲಿಯವರ ಪಗಾರ, ಮಕ್ಕಳ ಫೀ, ಎಲ್ಲ ಇದ್ದ ಖಾತೆಯನ್ನೇ ಮುಚ್ಚಿದರೆ? 2023ರಲ್ಲಿ ಕೇರಳ ಹೈಕೋರ್ಟ್ ಇಂಥದ್ದೇ ಪ್ರಕರಣಗಳಲ್ಲಿ, ಪೊಲೀಸರು ಹೇಳಿದ ಮೊತ್ತಕ್ಕಷ್ಟೇ ತಡೆ ಇರಲಿ, ಪೂರ್ತಿ ಖಾತೆಗಲ್ಲ ಅಂದಿತು. ನಮ್ಮ ದ್ರಾಕ್ಷಿ ವ್ಯಾಪಾರಿ ಬಿಲ್ಲು, ಕೊರಿಯರ್ ಚೀಟಿ, ಗಿರಾಕಿಯ ಮೆಸೇಜು ಎಲ್ಲ ಕೂಡಿಸಿ ಆ ಠಾಣೆಗೆ ಇಮೇಲ್ ಮಾಡಿ, ಬ್ಯಾಂಕಿಗೆ ಅರ್ಜಿ ಕೊಟ್ಟು, ದಿನಾ ಅಲೆದು ಬಿಡಿಸಿಕೊಂಡರು. ಎರಡು ತಿಂಗಳು ಹಿಡಿಯಿತು. ಅವರು ಈಗ ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಇನ್ನೊಂದು ಬ್ಯಾಂಕಿನಲ್ಲಿ ಒಂದು ಖಾತೆ ಇಟ್ಟಿದ್ದಾರೆ. ನಾನೂ ಹಾಗೇ ಮಾಡಿದ್ದೇನೆ. ಇವತ್ತು ಇಲ್ಲಿಂದ ಒಂದೇ ಒಂದು ಮಾತು ತೆಗೆದುಕೊಂಡು ಹೋಗುವುದಿದ್ದರೆ ಇದನ್ನು ತೆಗೆದುಕೊಂಡು ಹೋಗಿ.

ಹೊರದೇಶದ ಗಿರಾಕಿಗಳ ಬಗ್ಗೆ ಸ್ವಲ್ಪ. ಪೇಪಾಲ್ ಅಂತ ಇದೆಯಲ್ಲ, ಅದರಲ್ಲಿ 2011ರ ಮಾರ್ಚ್‌ನಿಂದ ಭಾರತದವರು ಒಂದು ಸಲಕ್ಕೆ 500 ಡಾಲರ್‌ಗಿಂತ ಜಾಸ್ತಿ ಪಡೆಯುವಂತಿಲ್ಲ ಅಂತ ಆಯಿತು. ಆಮೇಲೆ ಆ ಮಿತಿ ಏರಿತು. 2021ರ ಏಪ್ರಿಲ್ 1ರಿಂದ ಅದು ದೇಶದೊಳಗಿನ ಪಾವತಿಯನ್ನೇ ನಿಲ್ಲಿಸಿ ಹೊರಗಿನಿಂದ ಬರುವುದನ್ನು ಮಾತ್ರ ಇಟ್ಟುಕೊಂಡಿತು. ನಿಯಮ ಮಾಡುವವರೂ ಬದಲಿಸುವವರೂ ಎಲ್ಲೋ ಇರುತ್ತಾರೆ, ಸೈಟ್ ಬದಲಿಸಿಕೊಳ್ಳಬೇಕಾದವರು ನಾವು. ಒಂದೇ ದಾರಿ ನಂಬಿ ಕೂತವರು ಅಂಥ ದಿನ ಏನು ಮಾಡಬೇಕು?

2025ರ ಜುಲೈ ನಿಮಗೆ ನೆನಪಿದೆ. ಯುಪಿಐನಲ್ಲಿ ಬಂದ ರೊಕ್ಕದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸು ಕೊಟ್ಟಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸು ಬಂದಿದ್ದು ಎಲ್ಲ ಪತ್ರಿಕೆಯಲ್ಲೂ ಬಂತು. ಬೆಂಗಳೂರಿನಲ್ಲಿ ಅಂಗಡಿಗಳವರು ಕ್ಯೂಆರ್ ಕಿತ್ತು ಹಾಕಿದರು. ಕೊನೆಗೆ ಸರ್ಕಾರ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂತ ಹೇಳಿತು. ರಾಜ್ಯದೊಳಗೆ ಮಾತ್ರ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ವೆಬ್‌ನಲ್ಲಿ ಮಾರುವ ನಮಗೆ ಕ್ಯೂಆರ್ ಕಿತ್ತು ಹಾಕುವ ದಾರಿಯೂ ಇಲ್ಲ. ಅದಕ್ಕೇ ಅಕ್ಕ ಹಾಕಿದ ಸಾಲ, ಅಣ್ಣ ಕಳಿಸಿದ ರೊಕ್ಕ, ಸೀರೆ ಮಾರಿದ ರೊಕ್ಕ ಎಲ್ಲ ಒಂದೇ ಖಾತೆಗೆ ಬೀಳಲು ಬಿಡಬೇಡಿ. ಯಾವುದು ವ್ಯಾಪಾರ, ಯಾವುದು ಅಲ್ಲ ಅಂತ ಹೇಳುವ ಕಷ್ಟ ಆಮೇಲೆ ನಿಮ್ಮದೇ.

ಈಗ ನನ್ನ 19 ದಿನದ ಕಥೆಗೆ ಬರುತ್ತೇನೆ. ಕಾರಣ ಏನಿತ್ತು ಗೊತ್ತೇ? ಆ ಹಬ್ಬಕ್ಕೆ ಸೀರೆಯ ಜೊತೆ ಉಡುಗೊರೆ ಡಬ್ಬಿ ಅಂತ ಅಮೀನಗಡದ ಕರದಂಟು ಸೈಟಿಗೆ ಹಾಕಿದ್ದೆ. ಖಾತೆ ತೆಗೆಯುವಾಗ ಬಟ್ಟೆ ವ್ಯಾಪಾರ ಅಂತ ಬರೆಸಿದ್ದೆ. ತಿನ್ನುವ ಪದಾರ್ಥ ಮಾರಬೇಕಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ತೋರಿಸಬೇಕಿತ್ತು. ಅಷ್ಟೇ. ಇದನ್ನು ಅವರು ಮೊದಲನೇ ದಿನ ಒಂದು ಸಾಲಿನಲ್ಲಿ ಬರೆದಿದ್ದರೆ ನಾನು ಅರ್ಧ ಗಂಟೆಯಲ್ಲಿ ಕರದಂಟು ತೆಗೆದು ಹಾಕುತ್ತಿದ್ದೆ. 23 ಆರ್ಡರ್‌ನಲ್ಲಿ ಕರದಂಟು ಇದ್ದದ್ದು ಮೂರರಲ್ಲಿ. ತಡೆದದ್ದು 23ನ್ನೂ.

ತಪಾಸಣೆ ಬೇಡ ಅಂತ ಹೇಳುತ್ತಿಲ್ಲ. ಸುಳ್ಳು ಸೈಟ್ ಮಾಡಿ ಜನರ ರೊಕ್ಕ ನುಂಗುವವರು ಇದ್ದಾರೆ, ಅವರನ್ನು ಹಿಡಿಯಲೇಬೇಕು. ನನ್ನ ಮಾತು ಬೇರೆ. ನಾವು ನವನಗರದವರು, ನಮಗೆ ಮುಳುಗಡೆ ಅಂದರೆ ಏನು ಅಂತ ಗೊತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಅಂಗಡಿ ಸಾಲುಗಳು ಹೋದವು, ನಮ್ಮ ಅಪ್ಪನ ಅಂಗಡಿಯೂ ಹೋಯಿತು. ಪರಿಹಾರ ಸಾಕಾಯಿತೋ ಇಲ್ಲವೋ, ಆ ಜಗಳ ಬೇರೆ. ಆದರೆ ನೀರಿಗಿಂತ ಮೊದಲು ನೋಟಿಸು ಬಂತು. ಅಣೆಕಟ್ಟಿನಲ್ಲಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಅನ್ನುವ 519.60 ಮೀಟರ್ ಅಂಕಿ ಊರಿನ ಸಣ್ಣ ಹುಡುಗರ ಬಾಯಲ್ಲೂ ಇತ್ತು. ಹೋಗಿ ಕೇಳಲು ಒಂದು ಕಚೇರಿ, ಕುರ್ಚಿಯಲ್ಲಿ ಒಬ್ಬ ಮನುಷ್ಯ ಇದ್ದರು. ನನ್ನ 58,400 ರೂಪಾಯಿ ನಿಂತಾಗ ಇದರಲ್ಲಿ ಒಂದೂ ಇರಲಿಲ್ಲ.

ಹಾಗಾಗಿ ನಾವು ಕೇಳಬೇಕಾದದ್ದು ಶುಲ್ಕದಲ್ಲಿ ಅರ್ಧ ಪರ್ಸೆಂಟ್ ಕಡಿಮೆ ಮಾಡಿ ಅಂತ ಅಲ್ಲ. ತಡೆದರೆ ಯಾಕೆ ಅಂತ ಅದೇ ದಿನ ಬರೆದು ತಿಳಿಸಲಿ. ತಕರಾರು ಇರುವ ಮೊತ್ತವನ್ನಷ್ಟೇ ತಡೆಯಲಿ. ಯಾವ ತಾರೀಖಿನೊಳಗೆ ತೀರ್ಮಾನ ಅಂತ ಹೇಳಲಿ, ಮಾತಾಡಲು ಹೆಸರು ಇರುವ ಒಬ್ಬ ಮನುಷ್ಯನನ್ನು ಕೊಡಲಿ. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ, ದೂರು ನೋಡಲು ನೋಡಲ್ ಅಧಿಕಾರಿ ಇರಬೇಕು ಅಂತ ಇದೆ. ಆ ಹೆಸರು, ಇಮೇಲ್ ಕಂಪನಿಯ ಸೈಟಿನಲ್ಲಿ ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹುಡುಕಿ ಈಗಲೇ ಬರೆದಿಟ್ಟುಕೊಳ್ಳಿ, ಸಂಕಟದ ದಿನ ಕಣ್ಣಿಗೆ ಕಾಣುವುದಿಲ್ಲ. ನನಗೆ ಉತ್ತರ ಬಂದದ್ದು ಆ ವಿಳಾಸಕ್ಕೆ ಬರೆದ ಮೂರನೇ ದಿನ. ಬ್ಯಾಂಕಿನ ಮೇಲೆ ದೂರು ಇದ್ದು 30 ದಿನದಲ್ಲಿ ಉತ್ತರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿಗೆ, ಆನ್‌ಲೈನ್‌ನಲ್ಲೇ ಬರೆಯಬಹುದು, ಅದಕ್ಕೆ ಫೀ ಇಲ್ಲ, ವಕೀಲರೂ ಬೇಡ. ಇವನ್ನು ಒಬ್ಬೊಬ್ಬರೇ ಬರೆದರೆ ಒಂದು ಇಮೇಲ್. ನಮ್ಮ ಮೂರು ಜಿಲ್ಲೆಗಳ ಸೀರೆಯವರು, ಖಣದವರು, ಬೆಲ್ಲದವರು, ದ್ರಾಕ್ಷಿಯವರು, ಬೆಳಗಾವಿಯ ಕುಂದಾ ಮಾರುವವರು ಎಲ್ಲ ಕೂಡಿ ಬರೆದರೆ ಕಂಪನಿಯವರು ಕೂತು ಓದುತ್ತಾರೆ. ಅದಕ್ಕೇ ಇವತ್ತು ನಿಮ್ಮೆಲ್ಲರ ನಂಬರ್ ಬರೆದುಕೊಳ್ಳುತ್ತಿರುವುದು.

ಕಾಕಾಗೆ ನಾನು ಆ ಸಲ ನನ್ನ ಬಂಗಾರ ಒತ್ತೆ ಇಟ್ಟು ರೊಕ್ಕ ಕೊಟ್ಟೆ. ಹಬ್ಬ ಮುಗಿದಿತ್ತು. ಈಗ ಎರಡು ಗೇಟ್‌ವೇ ಇಟ್ಟುಕೊಂಡಿದ್ದೇನೆ, ಮೊದಲಿನಿಂದ ಕೊಳ್ಳುವ ಗಿರಾಕಿಗಳಿಗೆ ಬ್ಯಾಂಕಿನ ಕ್ಯೂಆರ್ ನೇರ ಕಳಿಸುತ್ತೇನೆ, ಸ್ಕ್ರೀನ್‌ಶಾಟ್ ನಂಬದೆ ಖಾತೆಯಲ್ಲಿ ಬಿದ್ದದ್ದು ನೋಡಿಯೇ ಪಾರ್ಸೆಲ್ ಕಟ್ಟುತ್ತೇನೆ. ಪ್ರತಿ ಆರ್ಡರ್‌ನಿಂದ ಸ್ವಲ್ಪ ತೆಗೆದು ರೇಷ್ಮೆಗೆ ಅಂತ ಬೇರೆ ಇಡುತ್ತೇನೆ, ಮಗ್ಗ ಮತ್ತೆ ನಿಲ್ಲಬಾರದು ಅಂತ.

ಮಾತು ಮುಗಿದ ಮೇಲೆ ಗುಳೇದಗುಡ್ಡದ ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತ. ಖಣದ ಚೀಲ, ಪರ್ಸು ಹೊಲಿದು ಮಾರಬೇಕು ಅಂತ ಅವನ ಆಸೆ. ಗೇಟ್‌ವೇ ಅರ್ಜಿ ತುಂಬುತ್ತಿದ್ದ. ಪ್ಯಾನ್ ಹಾಕಿದ, ಬ್ಯಾಂಕ್ ಖಾತೆ ಹಾಕಿದ, "ಏನು ಮಾರುತ್ತೀರಿ" ಅನ್ನುವ ಜಾಗಕ್ಕೆ ಬಂದು "ಬಟ್ಟೆ" ಅಂತ ಒತ್ತಲು ಹೋದ. "ತಡಿಯಪ್ಪಾ" ಅಂದೆ. ಇನ್ನೇನು ಮಾರಬೇಕು ಅಂತ ಇದೆ, ಎಲ್ಲ ಹೇಳು ಅಂದೆ. ಅವನು ಸ್ವಲ್ಪ ಯೋಚನೆ ಮಾಡಿ, "ಅಕ್ಕಾರ, ನಮ್ಮವ್ವ ಶೇಂಗಾ ಹೋಳಿಗಿ ಭಾಳ ಚಲೋ ಮಾಡ್ತಾಳ್ರಿ" ಅಂದ. ಅರ್ಜಿ ಅಲ್ಲಿಗೇ ನಿಲ್ಲಿಸಿ ಇಬ್ಬರೂ ಎಫ್‌ಎಸ್‌ಎಸ್‌ಎಐ ನೋಂದಣಿಯ ಪುಟ ತೆರೆದೆವು.